ಬೀಗರ ಭಯ

ನಮ್ಮ ಬೀಗರ ಎಡಹುಬ್ಬು ನಡುವೆ ಸೀಳಿ ಎರಡಾಗಿತ್ತು. ಆ ಸೀಳಿನಲ್ಲಿ ಕೂದಲು ಬೆಳೆಯುತ್ತಿರಲಿಲ್ಲ. ನೂಲಿನೆಳೆ ಅಂಟಿಸಿದ ಹಾಗೆ ಬಿಳಿಯ ಗೆರೆಯೊಂದು ಹಣೆಯಿಂದ ರೆಪ್ಪೆಯವರೆಗೆ ಇಳಿದಿತ್ತು. ಎಲ್ಲಾದರೂ ಮೋಟರು ಶುರುವಾದ ಸದ್ದು ಕಿವಿಗೆ ಬಿದ್ದರೆ ಸಾಕು, ಹುಬ್ಬಿನ ಹೊರಗಿನ ತುಂಡು ತಾನೊಂದೇ ಮೇಲಕ್ಕೆ ಹಾರುತ್ತಿತ್ತು. ಹಿಟ್ಟಿನ ಗಿರಣಿಯಾಗಲಿ, ಹೊಲದ ಪಂಪ್ ಆಗಲಿ, ಮದುವೆಮನೆಯ ಅಡುಗೆಯವರ ಮಿಕ್ಸರ್ ಆಗಲಿ, ಮಾತನ್ನು ಅಲ್ಲಿಗೇ ನಿಲ್ಲಿಸಿ ಆ ಕಡೆ ತಿರುಗುತ್ತಿದ್ದರು. ಸದ್ದು ಯಾವುದರದೆಂದು ಗುರುತು ಹತ್ತಿದ ಮೇಲಷ್ಟೇ ಮಾತು ಮುಂದುವರಿಯುತ್ತಿತ್ತು.

ಬೀಗರೆಂದರೆ ನನ್ನ ಮಗಳ ಮಾವ. ಮೊಳಕಾಲ್ಮೂರಿನವರು. ರೇಷ್ಮೆ ಸೀರೆ ನೇಯುವ ಮನೆಗಳಿಗೆ ಮಗ್ಗದ ಮರಗೆಲಸ ಮಾಡಿಕೊಡುತ್ತಿದ್ದರು. ಮಗ್ಗದ ಚೌಕಟ್ಟು, ಹಿಂದೆ ಮುಂದೆ ತೂಗುವ ತೋಳುಗಳು, ಕಾಲಲ್ಲಿ ತುಳಿಯುವ ಹಲಗೆ, ಎಲ್ಲವೂ ಅವರ ಕೈಯಿಂದಲೇ ಆಗಬೇಕು. ನಾನು ಚಳ್ಳಕೆರೆಯಲ್ಲಿ ಬಾಗಿಲು, ಕಿಟಕಿ, ಮಂಚ ಮಾಡುವವನು. ಇಬ್ಬರದೂ ಒಂದೇ ಕಸುಬು, ಅದಕ್ಕೇ ಸಂಬಂಧ ಸಲೀಸಾಗಿ ಕೂಡಿತು ಎಂದು ಜನ ಅಂದುಕೊಂಡರು. ಅಷ್ಟು ಸಲೀಸಾಗಿ ಕೂಡಿದ್ದಲ್ಲ ಅದು.

ಹೆಣ್ಣು ನೋಡಲು ಬಂದ ದಿನದ ಮಾತು. ನಮ್ಮದು ಮುಂದೆ ಅಂಗಡಿ, ಹಿಂದೆ ಮನೆ. ನಡುವೆ ಒಂದು ಬಾಗಿಲು. ಬಂದವರು ಅಂಗಡಿಯನ್ನು ದಾಟಿಕೊಂಡೇ ಒಳಗೆ ಹೋಗಬೇಕು. ಹಾಗೆ ದಾಟುವಾಗ ಬೀಗರು ನನ್ನ ಬೆಂಚಿನ ಮೇಲಿದ್ದ ರೂಟರಿನ ಮುಂದೆ ನಿಂತುಬಿಟ್ಟರು.

"ಇದ್ರ ಪ್ಲಗ್ ತೆಗ್ದಿದ್ದೀರೇನ್ರಿ?"

"ಸ್ವಿಚ್ ಆಫ್ ಐತಲ್ರಿ" ಅಂದೆ.

"ಸ್ವಿಚ್ ಅಲ್ರಿ, ಪ್ಲಗ್ಗು."

ನಾನು ಕೈ ಚಾಚುವುದರೊಳಗೆ ಅವರೇ ಬಗ್ಗಿ ಪ್ಲಗ್ ಕಿತ್ತು, ವೈರನ್ನು ಸುತ್ತಿ ಮೊಳೆಗೆ ನೇತುಹಾಕಿದರು. ಆಮೇಲೆ ಕಾಲು ತೊಳೆದು ಒಳಗೆ ಬಂದರು. ಅಡುಗೆಮನೆಯಲ್ಲಿ ನನ್ನ ಹೆಂಡತಿ ಪಿಸುಗುಟ್ಟಿದಳು: "ಇದೆಂಥ ಮನುಷ್ಯಾರಿ? ಹೆಣ್ಣು ನೋಡಾಕೆ ಬಂದು ವೈರ್ ನೋಡ್ತಾರೆ. ಹಿಂಗ್ ಹೆದರೋರ ಮನ್ಯಾಗೆ ನಮ್ ಹುಡುಗಿ ಹೆಂಗ್ ಬಾಳ್ತಾಳೆ?" ನನಗೂ ಅದೇ ಅನುಮಾನವಿತ್ತು. ಆದರೆ ಮಗಳಿಗೆ ಹುಡುಗ ಒಪ್ಪಿಗೆಯಾಗಿದ್ದ. ಮದುವೆ ಆಯಿತು.

ರೂಟರ್ ನೋಡಿರದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಅದು ಎರಡು ಹಿಡಿಕೆಯಿರುವ ಮೋಟರು. ಅದರ ಬಾಯಿಗೆ ಬಿಟ್ ಎಂಬ ಉಕ್ಕಿನ ಅಲಗನ್ನು ಕಚ್ಚಿಸುತ್ತೇವೆ. ತಿರುಗತೊಡಗಿದರೆ ಅಲಗು ಕಣ್ಣಿಗೆ ಕಾಣುವುದೇ ಇಲ್ಲ, ಗಾಳಿಯಲ್ಲಿ ಒಂದು ಬೂದು ನೆರಳು ನಿಂತ ಹಾಗಿರುತ್ತದೆ. ಒಂದೇ ಆಕಾರದ ತುಂಡುಗಳು ಹಲವು ಬೇಕಾದಾಗ ಪ್ಲೈವುಡ್ಡಿನಲ್ಲಿ ಮೊದಲು ಒಂದು ಫರ್ಮಾ, ಅಂದರೆ ಅಚ್ಚು, ಕತ್ತರಿಸಿಕೊಂಡು ಅದನ್ನು ಮರಕ್ಕೆ ಅಂಟಿಸುತ್ತೇವೆ. ಬಿಟ್ಟಿನ ಜೊತೆಗಿರುವ ಪುಟ್ಟ ಬೇರಿಂಗ್ ಫರ್ಮಾದ ಅಂಚಿನ ಮೇಲೆ ಉರುಳುತ್ತ ಹೋಗುತ್ತದೆ. ಹೊರಗೆ ಚಾಚಿಕೊಂಡ ಮರವನ್ನು ಅಲಗು ಸವರಿ ಫರ್ಮಾದ ಸಮಕ್ಕೆ ತರುತ್ತದೆ. ತೆಳುವಾದ ಹಲಗೆಗೆ ಇದು ಮಕ್ಕಳಾಟ. ಮರ ದಪ್ಪವಾದಷ್ಟೂ ಆಟ ಹೋಗುತ್ತದೆ.

ಮದುವೆಯಾದ ಹೊಸದರಲ್ಲಿ ಮೊಳಕಾಲ್ಮೂರಿಗೆ ಹೋಗಿದ್ದಾಗ ಬೀಗರು ಕೆಲಸ ಮಾಡುವುದನ್ನು ಮೊದಲ ಸಲ ನೋಡಿದೆ. ಬೀದಿಯುದ್ದಕ್ಕೂ ಮನೆಮನೆಯಿಂದ ಮಗ್ಗದ ಸದ್ದು. ಓಣಿಯ ಕೊನೆಯಲ್ಲಿ ಅವರ ತಗಡಿನ ಶೆಡ್ಡು. ಮೋಟರು ಹಚ್ಚುವ ಮೊದಲು ಹೆಗಲ ಮೇಲಿನ ಟವೆಲ್ ತೆಗೆದಿಟ್ಟರು, ಬೆರಳಿನ ಉಂಗುರ ಬಿಚ್ಚಿ ಗೂಡಿನಲ್ಲಿಟ್ಟರು. ಮೂಲೆಯಲ್ಲಿ ಮಲಗಿದ್ದ ಬೆಕ್ಕನ್ನು ಎತ್ತಿ ಹೊರಗೆ ಬಿಟ್ಟು ಬಾಗಿಲು ಎಳೆದುಕೊಂಡರು. ಬಿಟ್ಟನ್ನು ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿ ಅಲಗು ಚಕ್ಕೆ ಎದ್ದಿದೆಯೇ ಎಂದು ನೋಡಿದರು. ಮೋಟರಿನ ಬಾಯೊಳಕ್ಕೆ ತಳ ತಾಗುವವರೆಗೆ ನೂಕಿ, ಮತ್ತೆ ಒಂದಿಷ್ಟು ಈಚೆಗೆ ಎಳೆದು, ಆಮೇಲೆ ನಟ್ಟು ಬಿಗಿದರು. ತಳಕ್ಕೆ ಒತ್ತಿ ಕೂತ ಬಿಟ್ ಸರಿಯಾಗಿ ಬಿಗಿಯುವುದಿಲ್ಲ, ಓಡುತ್ತ ಓಡುತ್ತ ಸಡಿಲವಾಗುತ್ತದೆ. ಇದು ನನಗೂ ಗೊತ್ತಿದ್ದದ್ದೇ. ಆದರೆ ಇಷ್ಟೆಲ್ಲ ಆದ ಮೇಲೆ ಅವರು ಎರಡೂ ಹಿಡಿಕೆ ಹಿಡಿದು, ಕಣ್ಣು ಮುಚ್ಚಿ, ಸುಮ್ಮನೆ ನಿಂತರು.

"ಕುಲದೇವ್ರನ್ನ ನೆನೀತೀರೇನ್ರಿ?" ಎಂದು ಕೇಳಿದೆ.

"ಇಲ್ರಿ ಬೀಗ್ರೆ. ಹೆದ್ರಿಕಿ ಬಂದೈತಾ ಇಲ್ವಾ ನೋಡ್ಕೊಂತೀನಿ. ಒಂದೊಂದ್ ದಿನ ಬರಲ್ಲ. ಅವತ್ತು ನಾನು ಮಿಷಿನ್ ಮುಟ್ಟಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. ಆ ಕಡೆಯವರ ಬಾಯಲ್ಲಿ ಕನ್ನಡ ತೆಲುಗು ಎರಡೂ ಕೂಡಿಯೇ ಇರುತ್ತವೆ. "ಭಯಂ ಉಂಟೇ ವೇಳ್ಳು ಉಂಟಾಯಿ" ಅಂದರು. ಭಯ ಇದ್ದರೆ ಬೆರಳಿರುತ್ತವೆ.

ಮೊಳಕಾಲ್ಮೂರಿನಲ್ಲಿ ಹೊಸದಾಗಿ ಮಗ್ಗ ಹೂಡುವವರು ಕಡಿಮೆಯಾಗುತ್ತಿದ್ದರು. ನನ್ನ ಅಂಗಡಿಯಲ್ಲಿ ಕೆಲಸ ಕೈಮೀರಿ ಇತ್ತು. ಅಳಿಯ ಚಳ್ಳಕೆರೆಗೇ ಬಂದು ನನ್ನ ಜೊತೆ ನಿಂತ. ಕೈಚಳಕದ ಹುಡುಗ, ಕಣ್ಣಳತೆಯಲ್ಲಿ ನನ್ನನ್ನು ಮೀರಿಸುತ್ತಿದ್ದ. ಕೊರತೆ ಏನಾದರೂ ಇದ್ದರೆ ಅದೊಂದೇ, ಅವನಿಗೆ ಯಾವುದಕ್ಕೂ ಹೆದರಿಕೆ ಇರಲಿಲ್ಲ. ಮೊಬೈಲಿನಲ್ಲಿ ಯಾರೋ ಪರದೇಶದವರು ಮರಗೆಲಸ ಮಾಡುವ ವಿಡಿಯೊ ನೋಡಿ ಮಾರನೆಯ ದಿನ ಅದನ್ನೇ ಮಾಡಿಬಿಡುತ್ತಿದ್ದ. ಬಹಳ ಸಲ ಸರಿಯಾಗಿಯೇ ಮಾಡುತ್ತಿದ್ದ.

ಬೀಗರು ವಾರಕ್ಕೊಮ್ಮೆ ಬಸ್ಸು ಹತ್ತಿ ತಳಕು ಊರಿನ ಮೇಲೆ ಹಾದು ಚಳ್ಳಕೆರೆಗೆ ಬರುತ್ತಿದ್ದರು. ಕಾಲ ಬಂದಾಗ ಸೀತಾಫಲದ ಚೀಲ ನೆಪ. ಕಾಲ ಇಲ್ಲದಾಗ ಯಾವ ನೆಪವೂ ಇರುತ್ತಿರಲಿಲ್ಲ. ಬಂದವರು ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂರುತ್ತಿದ್ದರು. ಮಗನ ಜೊತೆ ಮಾತಿಲ್ಲ. ಮಗ ಮೋಟರು ಹಚ್ಚಿದರೆ ಅವರ ಎರಡೂ ಕೈ ಸ್ಟೂಲಿನ ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದವು. ಸದ್ದು ನಿಂತ ಮೇಲೆ ಹಿಡಿತ ಸಡಿಲ. ಆಮೇಲೆ ಎದ್ದು ಬಿಟ್‌ಗಳ ಡಬ್ಬಿ ತೆರೆದು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಂಚು ಮುರಿದದ್ದು ಕಂಡರೆ ಜೇಬಿಗೆ ಇಳಿಸುತ್ತಿದ್ದರು. "ಅಪ್ಪ ಬಂದ್ ಹೋದ್ರೆ ಡಬ್ಯಾಗೆ ಬಿಟ್ಟೇ ಇರಲ್ಲ ಮಾವ" ಎಂದು ಅಳಿಯ ನನ್ನ ಹತ್ತಿರ ಸಿಡುಕುತ್ತಿದ್ದ.

ನನ್ನ ಮಗಳು ಬಸುರಾಗಿ ಏಳು ತಿಂಗಳು ನಡೆಯುತ್ತಿದ್ದಾಗ ದೊಡ್ಡಉಳ್ಳಾರ್ತಿಯ ಕಡೆಯಿಂದ ಒಂದು ಕೆಲಸ ಬಂತು. ದನ ಮೇಯುವ ಕಾವಲಿನ ಬದಿ ಹೊಸದಾಗಿ ಎದ್ದ ಕ್ಯಾಂಪಸ್ಸೊಂದರ ಅತಿಥಿಗೃಹಕ್ಕೆ ಊಟದ ಮೇಜುಗಳು. ಬೇವಿನ ಮರ, ಎರಡಿಂಚು ದಪ್ಪದ ಕಾಲುಗಳು, ಪ್ರತಿ ಕಾಲೂ ಬಿಲ್ಲಿನಂತೆ ಬಾಗಿರಬೇಕು, ಎಲ್ಲವೂ ಒಂದರ ಪಡಿಯಚ್ಚು ಇನ್ನೊಂದು. ನಮ್ಮಲ್ಲಿದ್ದ ಬಿಟ್‌ಗಳ ಅಲಗು ಅಷ್ಟು ದಪ್ಪಕ್ಕೆ ಮುಟ್ಟುತ್ತಿರಲಿಲ್ಲ. ಅಳಿಯ ಮೊಬೈಲಿನಲ್ಲೇ ಹುಡುಕಿ ಉದ್ದನೆಯದೊಂದನ್ನು ತರಿಸಿದ. ಅಲಗು ಎರಡಿಂಚಿಗೂ ಮೇಲೆ. ಅದರ ಕಡ್ಡಿ, ಅಂದರೆ ಮೋಟರಿನ ಬಾಯೊಳಗೆ ಕೂರುವ ಭಾಗ, ಕಾಲಿಂಚು ದಪ್ಪ. ನಮ್ಮ ರೂಟರಿಗೆ ಕಾಲಿಂಚಿನ ಕಡ್ಡಿಯಷ್ಟೇ ಹಿಡಿಯುತ್ತಿತ್ತು.

ಆ ವಾರ ಬಂದ ಬೀಗರು ಅದನ್ನು ಕೈಗೆತ್ತಿಕೊಂಡು ಕಡ್ಡಿಯ ದಪ್ಪವನ್ನು ಉಗುರಿನಿಂದ ಅಳೆದರು. ಆಮೇಲೆ ನನ್ನ ಕಡೆ ನೋಡಿ ಹೇಳಿದರು. ಮಗನಿಗೆ ಹೇಳಬೇಕಾದ್ದನ್ನು ಅವರು ಯಾವಾಗಲೂ ನನಗೇ ಹೇಳುತ್ತಿದ್ದದ್ದು.

"ಬೀಗ್ರೆ, ಸಜ್ಜೆ ದಂಟು ನೋಡೀರಲ್ಲ? ತೆನೆ ಉದ್ದ ಆಗಿ ದಂಟು ಸಣ್ಣ ಇದ್ರೆ ಗಾಳಿಗೆ ಹೆಂಗ್ ತೊನೀತೈತೆ? ಇದೂ ಹಂಗೇ. ಮರ ತಡದ್ರೆ ಕಡ್ಡಿ ಬಾಗ್ತೈತೆ. ಬಾಗಿದ್ ಕಡ್ಡಿ ಮೋಟ್ರ ಸ್ಪೀಡ್ನಾಗೆ ಸುತ್ತಿದ್ರೆ ಎತ್ತ ಹೋಗ್ತೈತೆ ಅಂತ ಯಾರಿಗ್ ಗೊತ್ತು? ದಪ್ಪ ಮರಕ್ಕೆ ಅರ್ಧ ಇಂಚಿನ ಕಡ್ಡಿ ಬೇಕು, ಅಲಗು ಗಿಡ್ಡ ಇರ್ಬೇಕು. ಒಂದೇ ಸಲಕ್ಕೆ ಪೂರಾ ದಪ್ಪ ತಿನ್ನಾಕೆ ಹೋಗ್ಬಾರ್ದು. ಅರ್ಧ ತಿಂದು, ಆಮ್ಯಾಲೆ ಅರ್ಧ."

"ನಮ್ ಮಿಷಿನ್ಗೆ ಅರ್ಧ ಇಂಚು ಕೂರಲ್ಲಪ್ಪ" ಎಂದ ಅಳಿಯ.

"ನನ್ನ ದೊಡ್ ಮಿಷಿನ್ಗೆ ಕೂರ್ತೈತೆ. ಮುಂದಿನ ವಾರ ತರ್ತೀನಿ. ಅಲ್ಲಿ ತನಕ ಇದನ್ನ ಮುಟ್ಬ್ಯಾಡ ಅಂತ ಹೇಳ್ರಿ ಬೀಗ್ರೆ."

ಹೇಳಿದೆ. ಅಳಿಯ "ಆಯ್ತು ಮಾವ" ಎಂದ. ಆ ಬಿಟ್ಟನ್ನೂ ಬೀಗರು ಜೇಬಿಗೆ ಇಳಿಸುತ್ತಾರೆ ಅಂದುಕೊಂಡಿದ್ದೆ. ಹೊಸದಾಗಿತ್ತು, ಮಗ ಮೆಚ್ಚಿ ತರಿಸಿದ್ದು, ಮುರಿದದ್ದೂ ಅಲ್ಲ. ಯಾಕೋ ಡಬ್ಬಿಯಲ್ಲೇ ಬಿಟ್ಟು ಹೋದರು. ಆ ವಾರವಿಡೀ ಕಂಟ್ರಾಕ್ಟರು ಬೆಳಗ್ಗೆ ಸಂಜೆ ಫೋನು ಮಾಡುತ್ತಲೇ ಇದ್ದ.

ಮುಂದಿನ ವಾರ ಬೀಗರನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದೆ. ದೊಡ್ಡ ರೂಟರನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ನಾನು ಹಿಡಿದುಕೊಳ್ಳುತ್ತೇನೆ ಅಂದರೂ ಕೊಡಲಿಲ್ಲ. ಎದೆಗವಚಿಕೊಂಡೇ ನಡೆದರು. ನಮ್ಮ ಬೀದಿಯ ತಿರುವಿನಲ್ಲಿ ಸದ್ದು ಕೇಳಿಸಿತು.

ರೂಟರ್ ಮರ ತಿನ್ನುವ ಸದ್ದು ನನಗೆ ಹೊಸದಲ್ಲ. ಇದು ಬೇರೆ ಇತ್ತು. ಒಂದೇ ಸಮನೆ ಗುಂಯ್ ಅನ್ನಬೇಕಾದದ್ದು ಒಡೆದೊಡೆದು, ನಡುನಡುವೆ ಕೀರಲಾಗಿ, ಒಳಗೆ ಏನೋ ಪಟಪಟ ಬಡಿದ ಹಾಗೆ ಬರುತ್ತಿತ್ತು. ಬೀಗರ ಮುಖ ನೋಡಿದೆ. ಬಣ್ಣವೇ ಇರಲಿಲ್ಲ. ಅಷ್ಟು ಹೊತ್ತು ಯಾರ ಕೈಗೂ ಕೊಡದ ಆ ರೂಟರನ್ನು ಬೀದಿಯ ಮಣ್ಣಿನಲ್ಲೇ ಇಟ್ಟುಬಿಟ್ಟರು.

ಅಂಗಡಿಯೊಳಗೆ ಅಳಿಯ ನಮಗೆ ಬೆನ್ನು ಮಾಡಿ ನಿಂತಿದ್ದ. ನಮ್ಮ ರೂಟರನ್ನು ಹಲಗೆಯ ಕೆಳಗೆ ತಲೆಕೆಳಗಾಗಿ ಬಿಗಿದು, ಮೇಲೆ ಚಾಚಿದ್ದ ಆ ಉದ್ದನೆಯ ಬಿಟ್ಟಿಗೆ ಬೇವಿನ ಕಾಲನ್ನು ಎರಡೂ ಕೈಯಿಂದ ಒತ್ತಿ ನೂಕುತ್ತಿದ್ದ. ಮರ ಅವನ ಕೈಯಲ್ಲಿ ನಡುಗುತ್ತಿತ್ತು. ಅವನಾಚೆ, ನೇರ ಎದುರಿಗೆ, ಮನೆಯ ಬಾಗಿಲ ಹೊಸ್ತಿಲ ಬಳಿ ನನ್ನ ಮಗಳು ಕೂತಿದ್ದಳು. ಮಡಿಲ ಮುಂದೆ ಮೊರ. ಶೇಂಗಾ ಸುಲಿಯುತ್ತಿದ್ದಳು.

ನಾನು ಕೂಗಲು ಬಾಯಿ ತೆರೆದೆ. ಬೀಗರ ಕೈ ನನ್ನ ಬಾಯಿಯ ಮೇಲೆ ಬಿತ್ತು.

"ಕೂಗ್ಬ್ಯಾಡ್ರಿ. ಬೆಚ್ಚಿ ತಿರುಗ್ತಾನೆ, ಕೈ ಹೋಗ್ತೈತೆ. ಮೇನ್ ಆಫ್ ಮಾಡ್ರಿ."

ಮೇನ್ ಸ್ವಿಚ್ಚು ಬೀದಿಬಾಗಿಲ ಪಕ್ಕದ ಗೋಡೆಯಲ್ಲಿತ್ತು. ಅದರ ಮುಂದೆ ಆ ಮೇಜುಗಳದೇ ಹಲಗೆಗಳನ್ನು ಒರಗಿಸಿದ್ದೆವು. ನಾನು ಒಂದೊಂದೇ ಹಲಗೆಯನ್ನು ಪಕ್ಕಕ್ಕೆ ತಳ್ಳುತ್ತಿದ್ದೆ. ಹಲಗೆ ಬಿದ್ದು ಸದ್ದಾದರೆ ಅವನು ತಿರುಗಿಬಿಡುತ್ತಾನೆಂದು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಸರಿಸುತ್ತಿದ್ದೆ. ತಿರುಗಿ ನೋಡಿದರೆ ಬೀಗರು ಗೋಡೆಗೆ ಮೈ ಒತ್ತಿಕೊಂಡು, ಅಡ್ಡಡ್ಡ ಹೆಜ್ಜೆಯಿಡುತ್ತ, ಒಳಗಿನ ಬಾಗಿಲ ಕಡೆ ಹೋಗುತ್ತಿದ್ದರು. ಅವರ ಕಾಲು ನಡುಗುವುದು ನಾನು ನಿಂತಲ್ಲಿಗೆ ಕಾಣುತ್ತಿತ್ತು. ಅಳಿಯ ಅಲಗಿನಿಂದ ಕಣ್ಣೆತ್ತಿರಲಿಲ್ಲ. ಮಗಳ ಮುಂದೆ ಹೋಗಿ ನಿಂತರು. ಮಿಷಿನ್ನಿಗೆ ಬೆನ್ನು ಕೊಟ್ಟು, ಬಾಗಿಲ ಚೌಕಟ್ಟನ್ನು ಎರಡೂ ಕಡೆ ಹಿಡಿದು, ತಲೆ ತಗ್ಗಿಸಿಕೊಂಡರು. ಅವರಾಚೆ ಮಗಳು ಕಾಣದಾದಳು.

ನನ್ನ ಬೆರಳು ಸ್ವಿಚ್ಚಿಗೆ ತಾಗಿತು. ಕೆಳಗೆಳೆದೆ. ಮೋಟರು ಉಸಿರು ಬಿಡುತ್ತ ಇಳಿಯುವುದರೊಳಗೆ ಟಪ್ ಎಂದಿತು. ಬೇವಿನ ಕಾಲು ಅಳಿಯನ ಕೈಯಿಂದ ಎಗರಿ ಗೋಡೆಗೆ ಬಡಿದು ಬಿತ್ತು.

ಆಮೇಲೆ ಸದ್ದಿಲ್ಲ. ಅಳಿಯ ತನ್ನ ಎರಡೂ ಅಂಗೈಗಳನ್ನು ಮುಖದ ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದ. ಬೆರಳುಗಳನ್ನು ಮಡಿಸಿದ, ಬಿಡಿಸಿದ. ಎಲ್ಲವೂ ಇದ್ದವು. ಹಲಗೆಯ ಮೇಲೆ ಬಿಟ್ ಇದ್ದಲ್ಲಿ ಒಂದು ಮೋಟು ಕಡ್ಡಿ ಉಳಿದಿತ್ತು.

ಬೀಗರು ಹಾಗೇ ನಿಂತಿದ್ದರು. ಬಾಗಿಲು ಬಿಟ್ಟಿರಲಿಲ್ಲ. ಅವರ ಬಿಳಿ ಅಂಗಿಯ ಮೇಲೆ, ಬಲ ಹೆಗಲ ಕೆಳಗೆ, ಒಂದು ಕೆಂಪು ಚುಕ್ಕೆ ಹುಟ್ಟಿ ನಿಧಾನವಾಗಿ ಅಗಲವಾಗುತ್ತಿತ್ತು.

"ಏನೂ ಆಗಿಲ್ವೇನಮ್ಮ ನಿಂಗೆ?" ಎಂದು ಸೊಸೆಯನ್ನು ಕೇಳಿದರು. "ಹೊಟ್ಟೆ ಮ್ಯಾಲೆ ಕೈ ಇಟ್ಟು ನೋಡು. ಮಗು ಆಡ್ತೈತಾ?"

"ಆಡ್ತೈತೆ ಮಾವ" ಎಂದಳು ಅವಳು. ಏನಾಯಿತೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

ಆ ಮಾತು ಕೇಳಿದ ಮೇಲೆಯೇ ಅವರು ಚೌಕಟ್ಟಿನಿಂದ ಕೈ ತೆಗೆದರು. ಶೇಂಗಾ ಸಿಪ್ಪೆಯ ರಾಶಿಯ ಮೇಲೆ ಕೂತುಬಿಟ್ಟರು. ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಆಮೇಲೆ ಊರಿನವರು ಅವರನ್ನು ಧೈರ್ಯವಂತರು ಅಂದರು. ನಾನು ನೋಡಿದ್ದು ಅದಲ್ಲ. ಅವರಿಗೆ ಧೈರ್ಯ ಬಂದಿರಲೇ ಇಲ್ಲ. ಅಲ್ಲಿ ನಿಂತಷ್ಟು ಹೊತ್ತೂ ಅವರು ಹೆದರಿಕೊಂಡೇ ನಿಂತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಉಗುರಿನಷ್ಟು ದೊಡ್ಡ ಅಲಗಿನ ಚೂರು ತೆಗೆದು ಹೊಲಿಗೆ ಹಾಕಿದರು. ಎಲುಬಿಗೆ ತಾಗಿ ನಿಂತಿತ್ತಂತೆ. ಹೊರಗೆ ಬೆಂಚಿನ ಮೇಲೆ ನಾನೂ ಬೀಗರೂ ಕೂತೆವು. ಅಳಿಯ ಎದುರಿಗೆ ಗೋಡೆಗೊರಗಿ ನಿಂತಿದ್ದ, ತಲೆ ಎತ್ತಿರಲಿಲ್ಲ. ಬೀಗರು ಅವನನ್ನು ನೋಡದೆ, ಎಂದಿನಂತೆ ನನ್ನ ಕಡೆ ತಿರುಗಿ ಮಾತು ಶುರುಮಾಡಿದರು.

"ಬೀಗ್ರೆ, ನನ್ನ ಹುಬ್ಬು ಹೆಂಗ್ ಸೀಳ್ತು ಅಂತ ನೀವು ಯಾವತ್ತೂ ಕೇಳ್ಲಿಲ್ಲ."

"ಕೇಳೋಕ್ ಮನ್ಸಾಗ್ಲಿಲ್ರಿ."

"ಮಗ್ಗದ ತೋಳು ಮಾಡ್ತಿದ್ದೆ. ಇಂಥದೇ ದಪ್ಪ ಮರ, ಇಂಥದೇ ಸಣ್ಣ ಕಡ್ಡಿ. ಅವತ್ತಿಗೆ ನನಗೂ ಹೆದ್ರಿಕಿ ಅಂದ್ರೇನು ಗೊತ್ತಿರ್ಲಿಲ್ಲ. ಇವನು ಸಣ್ಣೋನು, ಅಂಬೆಗಾಲು ಬಿಟ್ಟು ನಡ್ಯಾಕೆ ಕಲ್ತಿದ್ದ. ನನ್ನ ಕಾಲತ್ರ ಕೂತು ಮರದ ಸಿಪ್ಪೆ ಆರಿಸ್ಕೊಂಡು ಆಡ್ತಿದ್ದ. ಅವರವ್ವ ಕರ್ಕಂಡ್ ಹೋಗ್ತೀನಿ ಅಂದ್ಲು. ಇರ್ಲಿ ಬಿಡೇ, ಏನಾಗ್ತೈತೆ ಅಂದೆ. ಬಿಟ್ ಮುರೀತು. ನನಗೆ ನೋವೇ ಗೊತ್ತಾಗ್ಲಿಲ್ಲ. ಕೆಳಗೆ ನೋಡಿದ್ರೆ ಇವನ ತಲೆ ಪೂರಾ ರಕ್ತ. ಮುಖ, ಕಣ್ಣು, ಬಾಯಿ, ಎಲ್ಲಾ. ಎತ್ಕೊಂಡು ಒರೆಸ್ತೀನಿ, ಒರೆಸ್ತೀನಿ, ಗಾಯ ಎಲ್ಲೈತೆ ಅಂತ ಹುಡುಕ್ತೀನಿ, ಒರೆಸಿದಷ್ಟೂ ಬರ್ತೈತೆ. ಕೂದ್ಲು ಬಿಡಿಸಿ ಬಿಡಿಸಿ ನೋಡ್ತೀನಿ, ಗಾಯ ಸಿಗ್ತಿಲ್ಲ. ಅಷ್ಟೊತ್ತಿಗೆ ಇವರವ್ವ ಬಂದು ಚೀರಿದ್ಲು. ರಕ್ತ ನಿಂದು ಕಣೋ ಮಾರಾಯ, ಮಗೀದಲ್ಲ ಅಂತ."

ಅವರು ಎಡಹುಬ್ಬಿನ ಸೀಳನ್ನು ಬೆರಳಿನಿಂದ ಸವರಿಕೊಂಡರು.

"ಆ ಚೂರು ನನ್ನ ಹುಬ್ಬು ಸೀಳಿ ಹೋಗಿ ಎಲ್ಲಿ ಬಿತ್ತು ಅಂತ ಇವತ್ತಿಗೂ ಸಿಕ್ಕಿಲ್ರಿ. ಮ್ಯಾಲೆ ಹಾರೋ ಬದ್ಲು ಕೆಳಗೆ ಹಾರಿದ್ರೆ ಇವನು ಇರ್ತಿರ್ಲಿಲ್ಲ. ಅವತ್ತಿಂದ ನನ್ನ ಕೈಯ್ಯಾಗೆ ಆ ಕೂದ್ಲು ಬಿಡಿಸಿದ್ದು ಹೋಗೇ ಇಲ್ಲ."

ಅಳಿಯನ ಬೆನ್ನು ಗೋಡೆಗುಂಟ ಜಾರಿತು. ಅವನು ನೆಲದ ಮೇಲೆ ಕೂತು ಮೊಣಕಾಲ ನಡುವೆ ಮುಖ ಹುದುಗಿಸಿದ. ಆಸ್ಪತ್ರೆಯ ಆಯಾ ಬಂದು "ಯಾರಿಗ್ ಏನಾಗೈತ್ರಿ?" ಎಂದು ಕೇಳಿದಳು. ಯಾರಿಗೂ ಏನೂ ಆಗಿಲ್ಲಮ್ಮ ಎಂದೆ.

ಹೊಲಿಗೆ ಬಿಚ್ಚುವವರೆಗೆ ಕೆಲಸ ಆಗುವುದಿಲ್ಲ ಎಂದು ಕಂಟ್ರಾಕ್ಟರಿಗೆ ಹೇಳಿಬಿಟ್ಟೆ. ಬೇಕಾದರೆ ಬೇರೆ ಕಡೆ ಮಾಡಿಸಿಕೊಳ್ಳಲಿ ಅಂದೆ. ಅವನು ಗೊಣಗಿದ, ಕಾದ.

ಬೀಗರು ವಾಸಿಯಾಗಿ ಬಂದ ದಿನ ಮಗಳನ್ನು ಹಿಂದಿನ ಓಣಿಯ ಅವಳ ಚಿಕ್ಕಮ್ಮನ ಮನೆಗೆ ಕಳಿಸಿದರು. ನನ್ನ ಹೆಂಡತಿಯನ್ನೂ ಜೊತೆಗೆ ಕಳಿಸಿದರು. ಬೇವಿನ ಕಾಲನ್ನು ಬೆಂಚಿಗೆ ಕ್ಲಾಂಪ್ ಹಾಕಿ ಬಿಗಿಸಿದರು. "ಮರ ಅಲ್ಲಾಡ್ಬಾರ್ದು, ಮಿಷಿನ್ ಮಾತ್ರ ನಡೀಬೇಕು. ಎರಡೂ ಕೈ ಹಿಡಿಕೆ ಮ್ಯಾಲೆ ಇದ್ರೆ ಬಿಟ್ಟಿನ ಹತ್ರ ಹೋಗಾಕೆ ಮೂರನೇ ಕೈ ಇರಲ್ಲ" ಅಂದರು. ಗೆರೆಯಾಚೆಯ ಹೆಚ್ಚಿನ ಮರವನ್ನು ಗರಗಸದಲ್ಲಿ ಮೊದಲೇ ತೆಗೆಸಿದರು, ನವಣೆ ಕಾಳಿನಷ್ಟು ಮಾತ್ರ ಉಳಿಯುವ ಹಾಗೆ. ಅಲಗಿಗೆ ತಿನ್ನಲು ಕಡಿಮೆ ಇದ್ದಷ್ಟೂ ಅದು ಕಚ್ಚಿ ಎಳೆಯುವುದು ಕಡಿಮೆ. ಸೀರೆಯ ತುಂಡು ಬಿಚ್ಚಿ, ಅವತ್ತು ನಾನು ಬೀದಿಯಿಂದ ತಂದಿಟ್ಟಿದ್ದ ದೊಡ್ಡ ರೂಟರನ್ನು ತೆಗೆದರು. ಅರ್ಧ ಇಂಚಿನ ಕಡ್ಡಿಯ ಗಿಡ್ಡ ಬಿಟ್ಟು, ಬೇರಿಂಗ್ ಮೇಲ್ಗಡೆ ಇರುವಂಥದ್ದು. ನನ್ನನ್ನು ಬೀದಿಬಾಗಿಲ ಬಳಿ ಮೇನ್ ಸ್ವಿಚ್ಚಿನ ಪಕ್ಕ ನಿಲ್ಲಿಸಿದರು. ಹಲಗೆಗಳೆಲ್ಲ ಆಗಲೇ ಬೇರೆ ಕಡೆ ಹೋಗಿದ್ದವು.

ಹಿಡಿಕೆಗಳನ್ನು ಮಗನ ಕೈಗೆ ಕೊಟ್ಟರು. ಅವನು ಹಿಡಿದು ನಿಂತ. ಸ್ವಿಚ್ ಒತ್ತಲಿಲ್ಲ.

"ಹೆದ್ರಿಕಿ ಆಗ್ತೈತಪ್ಪ" ಎಂದ. ತಗ್ಗಿದ ದನಿಯಲ್ಲಿ, ನಾಚಿಕೊಂಡು.

ಬೀಗರು ಮೊದಲ ಸಲ ನೇರ ಮಗನ ಮುಖ ನೋಡಿ ಮಾತನಾಡಿದ್ದನ್ನು ನಾನು ಕಂಡದ್ದು ಆಗಲೇ. "ಬಂತಲ್ಲ ಮಗಾ. ಹಂಗಾದ್ರೆ ಈಗ ಹಚ್ಚು" ಎಂದರು.

ಮೊದಲು ಫರ್ಮಾದ ಅಂಚು ಹಿಡಿದು ದಪ್ಪದ ಮೇಲಿನ ಅರ್ಧ. ಮೋಟರು ನಿಲ್ಲಿಸಿ, ಅದು ಪೂರಾ ಸುತ್ತು ನಿಲ್ಲಿಸುವವರೆಗೆ ಕಾದು, ಪ್ಲಗ್ ಕಿತ್ತು, ಫರ್ಮಾ ಬಿಚ್ಚಿ, ಬಿಟ್ಟನ್ನು ಕೆಳಗಿಳಿಸಿದರು. ಮತ್ತೆ ಹಚ್ಚಿದಾಗ ಬೇರಿಂಗ್ ಓಡಿದ್ದು ಆಗಲೇ ನುಣುಪಾಗಿದ್ದ ಮೇಲಿನ ಅರ್ಧದ ಮೇಲೆ. ಕೆಳಗಿನ ಅರ್ಧ ತಾನಾಗಿ ಅದರ ಸಮಕ್ಕೆ ಬಂತು. ಬಿಟ್ ಸುತ್ತುವ ದಿಕ್ಕಿಗೆ ಎದುರಾಗಿ, ಅವಸರ ಮಾಡದೆ, ನಿಂತೂ ನಿಲ್ಲದೆ ನಡೆಸಬೇಕು. ಸದ್ದು ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಬಾಗು ತಿರುಗುವಲ್ಲಿ ಬೇವಿನ ಗಂಟೊಂದು ಅಡ್ಡ ಬಂತು. ರೂಟರ್ ಒಮ್ಮೆ ಕುದುರೆಯ ಹಾಗೆ ಒದೆಯಿತು. ಒಂದು ಚಕ್ಕೆ ಹಾರಿ, ಅವತ್ತು ಮಗಳು ಕೂತಿದ್ದ ಹೊಸ್ತಿಲ ಮೇಲೆ ಹೋಗಿ ಬಿತ್ತು. ಹೊಸ್ತಿಲು ಖಾಲಿ ಇತ್ತು. ನನ್ನ ಕೈ ಸ್ವಿಚ್ಚಿನ ಮೇಲೆ ಬೆವೆತಿತ್ತು. ಎಲ್ಲವನ್ನೂ ಸರಿಯಾಗಿ ಮಾಡಿದರೂ ಅದು ಒದೆಯುತ್ತದೆ ಎಂದು ನನಗೆ ಆಗ ಅರ್ಥವಾಯಿತು. ಅಳಿಯ ಹಿಡಿಕೆ ಬಿಡಲಿಲ್ಲ, ಗಂಟಿನ ಜೊತೆ ಗುದ್ದಾಡಲೂ ಇಲ್ಲ. ಹಿಂದಕ್ಕೆಳೆದು, ಉಸಿರು ತೆಗೆದುಕೊಂಡು, ಮತ್ತೆ ಸ್ವಲ್ಪ ಸ್ವಲ್ಪವೇ ತಿನ್ನಿಸಿದ. ಕೆಲಸ ಮುಗಿದಾಗ ಅಪ್ಪ ಮಗ ಇಬ್ಬರ ಅಂಗಿಯೂ ಮೈಗೆ ಅಂಟಿಕೊಂಡಿತ್ತು.

ಮಗಳಿಗೆ ಹೆಣ್ಣುಮಗು ಹುಟ್ಟಿತು. ಹೆರಿಗೆಯ ಹೊತ್ತಿನಲ್ಲಿ ಬೀಗರು ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ಕೂತು ಒಂದು ಹನಿ ನೀರೂ ಕುಡಿಯಲಿಲ್ಲ. ಮಗುವನ್ನು ತಂದು ಕೊಟ್ಟರೆ ಕೈ ಹಿಂದಕ್ಕೆಳೆದುಕೊಂಡರು. ನನ್ನ ಹೆಂಡತಿ, ಒಂದು ಕಾಲದಲ್ಲಿ ಇವರನ್ನು ಕಂಡರೆ ಮೂಗು ಮುರಿದವಳು, "ಹಿಡ್ಕೊಳ್ರಿ ಅಣ್ಣ, ನಿಮ್ ಕೈಯ್ಯಾಗಿದ್ರೆ ನಮಗೆ ಭಯ ಇಲ್ಲ" ಎಂದು ಅವರ ಮಡಿಲಲ್ಲೇ ಇಟ್ಟಳು.

ಮೊಮ್ಮಗಳು ಮಾತು ಕಲಿಯುವಷ್ಟರಲ್ಲಿ ಅವರಿಗೆ ಎದೆಯ ಬೇನೆ ಶುರುವಾಗಿ ಜಾಸ್ತಿಯಾಯಿತು. ಕೊನೆಯ ಸಲ ನೋಡಲು ಮೊಳಕಾಲ್ಮೂರಿಗೆ ಹೋದಾಗ ಒಳಮನೆಯಲ್ಲಿ ಗೋಡೆಗೆ ದಿಂಬು ಕೊಟ್ಟು ಕೂರಿಸಿದ್ದರು. ಪಕ್ಕದ ಮನೆಯ ಮಗ್ಗದ ಸದ್ದು ಗೋಡೆಯೊಳಗಿಂದ ಬರುತ್ತಿತ್ತು. ಮಾತಿಗೆ ಉಸಿರು ಸಾಲುತ್ತಿರಲಿಲ್ಲ. ನನ್ನನ್ನು ಹತ್ತಿರ ಕರೆದರು.

"ಬೀಗ್ರೆ, ಅವನೀಗ ಜಾಣ ಆಗ್ಯಾನೆ. ಅದ್ಕೇ ಹೇಳ್ತೀನಿ. ಜಾಣ್ರಿಗೆ ಹೆದ್ರಿಕಿ ಬೇಗ ಮರೀತೈತೆ."

"ಇಲ್ರಿ, ಅವನು ಮರ್ಯಲ್ಲ."

"ಮರೀತಾನೆ. ನನ್ನ ಮಗ ನನಗೆ ಗೊತ್ತು. ಇಷ್ಟ್ ದಿನ ಅವನ ಪಾಲಿಂದೂ ನಾನೇ ಹೆದರ್ತಿದ್ದೆ. ನಾನ್ ಹೋದ ಮ್ಯಾಲೆ ಆ ಕೆಲ್ಸ ನೀವು ವಹಿಸ್ಕೋಬೇಕು."

ಬೀಗರು ಬೀಗರನ್ನು ಏನೇನೋ ಕೇಳುತ್ತಾರೆ. ಇಂಥದ್ದನ್ನು ಯಾರೂ ಕೇಳಿದ್ದಿಲ್ಲ. ನಾನು ಅವರ ಕೈ ಹಿಡಿದು ಆಗಲಿ ಎಂದೆ. ಆ ವಾರವೇ ಅವರು ತೀರಿಕೊಂಡರು.

ತಿಥಿ ಮುಗಿಸಿ ಬಂದ ಮೇಲೆ ಅಂಗಡಿ ತೆರೆದೆವು. ಅಳಿಯ ಬಿಟ್ ಬಿಗಿದು, ಕ್ಲಾಂಪು ಎಳೆದು ನೋಡಿ, ಮೋಟರು ಹಚ್ಚಿದ. ಅದೇ ಸದ್ದು, ಎಷ್ಟೋ ವರ್ಷದಿಂದ ಕೇಳುತ್ತ ಬಂದದ್ದು, ಅದು ನಡೆಯುತ್ತಿರುವಾಗಲೇ ಗಿರಾಕಿಗಳ ಜೊತೆ ಹರಟೆ ಹೊಡೆದದ್ದು. ಅವತ್ತು ನನ್ನ ಎದೆ ಡವಗುಟ್ಟತೊಡಗಿತು. ಮೂಲೆಯ ಸ್ಟೂಲಿನ ಮೇಲೆ ಕೂತೆ. ಅಳಿಯ ಒಮ್ಮೆ ಕತ್ತು ಹೊರಳಿಸಿ ನನ್ನನ್ನು ನೋಡಿದ, ಮತ್ತೆ ಕೆಲಸಕ್ಕೆ ಬಗ್ಗಿದ.

ಈಗ ನಾನು ದಿನವೂ ಹೆದರುತ್ತೇನೆ.